ಮ್ಯಾಪಿನಲ್ಲಿ ಇಲ್ಲದ ಊರಿನ ಅಡುಗೆಯವನು

ಕೋವಿಡ್ ಭಯ ಇಳಿದು ಜನ ಮಾಸ್ಕ್ ತೆಗೆಯತೊಡಗಿದ್ದ ವರ್ಷ, ಅಮೆರಿಕದ ಅಲ್ಫರೆಟಾದ ಒಂದು ಕೇಟರಿಂಗ್ ಅಡುಗೆಮನೆಗೆ ಹೆಡ್ ಕುಕ್ ಕೆಲಸ ಕೇಳಲು ಹೋದೆ. ಮಾಲೀಕ ಮೈಸೂರು ಕಡೆಯವನು. ವಾರವಿಡೀ ಸಾಫ್ಟ್‌ವೇರ್, ಶನಿವಾರ ಭಾನುವಾರ ಬಿಸಿಬೇಳೆಬಾತ್. ಮೂರು ಗಂಟೆ ನಿಂತು ಅಡುಗೆ ಮಾಡಿ ತೋರಿಸಿದೆ. ಎರಡು ಸಲ ಹಾಕಿಸಿಕೊಂಡು ತಿಂದ. ಆಮೇಲೆ ನನ್ನ ಅನುಭವದ ಪತ್ರ ಹಿಡಿದು ಫೋನಿನಲ್ಲಿ ಹುಡುಕತೊಡಗಿದ.

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನನ್ನ ಹತ್ತಿರ ಇರುವ ಕಾಗದ ಅದೊಂದೇ. ಜಪಾನಿನ ಹಳ್ಳಿಗಾಡಿನ ಪಟ್ಟಣವೊಂದರ ಹೋಟೆಲಿನಲ್ಲಿ ಹನ್ನೊಂದು ವರ್ಷ ದುಡಿದಿದ್ದೇನೆ ಎಂದು ಅಲ್ಲಿನ ಯಜಮಾನ ಮೊಹರು ಒತ್ತಿ ಕೊಟ್ಟದ್ದು.

“ಅಂಕಲ್, ಈ ಊರು ಮ್ಯಾಪಲ್ಲೇ ಇಲ್ವಲ್ಲ?”

“ಇತ್ತಪ್ಪಾ. ಪಕ್ಕದ್ ಸಿಟಿಗೆ ಸೇರಿಸ್ಬಿಟ್ರು. ನಾನಲ್ಲಿಗೆ ಹೋದ ಎರಡನೇ ವರ್ಷ.”

“ಮತ್ತೆ ಲೆಟರ್ ಬರ್ದಿರೋದು ಅದಾಗಿ ಒಂಬತ್ತು ವರ್ಷಕ್ಕೆ! ಯಾರ್ ಟೈಪ್ ಮಾಡಿದ್ದು, ನೀವೇನಾ?”

ಅವನು ನಕ್ಕ. ಈರುಳ್ಳಿ ಹೆಚ್ಚುತ್ತಿದ್ದ ಅವನ ಹೆಂಡತಿಯೂ ನಕ್ಕಳು.

ಆ ಊರಿನ ಚರಿತ್ರೆ ಇವರಿಗೇನು ಗೊತ್ತು? ಅಲ್ಲಿ ಮನೆಗಿಂತ ಅಟ್ಟ ದೊಡ್ಡದು. ಒಂದು ಕಾಲಕ್ಕೆ ಎಲ್ಲ ಅಟ್ಟಗಳಲ್ಲೂ ರೇಷ್ಮೆಹುಳು ಸಾಕುತ್ತಿದ್ದರಂತೆ. ರಾಮನಗರದ ಕಡೆ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹೊತ್ತು ಬೆಳೆದ ನನಗೆ ಮೊದಲ ದಿನವೇ ಗುರುತು ಹತ್ತಿತು. ರೇಷ್ಮೆಗೆ ಬೆಲೆ ಬಿತ್ತು, ಗಿರಣಿ ಮುಚ್ಚಿತು, ಮಕ್ಕಳಿಲ್ಲದೆ ಶಾಲೆಯೂ ಮುಚ್ಚಿತು. ಕೊನೆಗೆ ಸಿಟಿಯವರು ಬಂದು, ನಿಮ್ಮ ಆಸ್ಪತ್ರೆ ಉಳಿಸುತ್ತೇವೆ ಎಂದು ಊರನ್ನು ನುಂಗಿದರು. ಆಸ್ಪತ್ರೆಯೂ ಉಳಿಯಲಿಲ್ಲ. ಪುರಸಭೆಯ ಬೋರ್ಡು ಇಳಿಸಿದ ದಿನ ನಮ್ಮ ಯಜಮಾನ ಒಲೆ ಆರಿಸಿ, ಏಪ್ರನ್ನಿನಲ್ಲೇ ಹೋಗಿ ನಿಂತು ನೋಡಿದ. ಅಂದಿನಿಂದ ಅವನ ಮೆನು, ಲಕೋಟೆ, ಹೊಸವರ್ಷದ ಕಾರ್ಡು ಎಲ್ಲದರ ಮೇಲೂ ಹಳೆಯ ಹೆಸರೇ. ಅಂಚೆಯವನೂ ಆ ಊರಿನವನೇ, ತಪ್ಪದೆ ತಂದುಕೊಡುತ್ತಿದ್ದ. ನನ್ನ ಪತ್ರಕ್ಕಾದರೂ ಹೊಸ ಹೆಸರು ಹಾಕಿ ಎಂದು ಕೇಳಿದ್ದೆ. “ನೀನು ಕೆಲಸ ಕಲಿತದ್ದು ಯಾವ ಊರಲ್ಲಿ?” ಎಂದಷ್ಟೇ ಕೇಳಿ ಮೊಹರು ಒತ್ತಿದ್ದ.

“ಒಂದ್ ಕೆಲ್ಸ ಮಾಡಿ ಅಂಕಲ್,” ಎಂದ ಮಾಲೀಕ, ಕೆಲಸದ ಅರ್ಜಿ ಫಾರ್ಮು ಮುಂದಿಟ್ಟು. “ಫಾರ್ಮಲ್ಲಿ ಆ ಸಿಟಿ ಹೆಸ್ರು ಹಾಕಿ. ಲೆಟರಲ್ಲಿ ಮಿಸ್ಟೇಕ್ ಆಗಿದೆ ಅಂತ ಕೆಳಗೆ ಬರ್ದು ಸೈನ್ ಮಾಡ್ಬಿಡಿ. ಸೋಮವಾರದಿಂದ ಬನ್ನಿ.”

“ಮಿಸ್ಟೇಕ್ ಆಗಿಲ್ಲ.”

“ಇಲ್ದೇ ಇರೋ ಊರಿಗೋಸ್ಕರ ಕೆಲ್ಸ ಬಿಡ್ತೀರಾ?”

“ಎರಡ್ ಸಲ ಹಾಕಿಸ್ಕೊಂಡು ತಿಂದ್ಯಲ್ಲ, ಆ ಕೈ ಪಳಗಿದ್ದು ಅದೇ ಊರಲ್ಲಿ. ಹೊಟ್ಟೆ ತುಂಬ್ತೋ ಇಲ್ವೋ ಅಂತಾನೂ ಮ್ಯಾಪಲ್ಲಿ ನೋಡ್ಕೋತೀಯಾ?”

ಅವನು ಫೋನು ಕೆಳಗಿಟ್ಟ.

ನಾನು ಬಳಸಿದ ಪಾತ್ರೆಗಳನ್ನೆಲ್ಲ ಉಜ್ಜಿ ಮಗುಚಿಟ್ಟೆ. ಫಾರ್ಮಿನಲ್ಲಿ ಹಳೆಯ ಹೆಸರನ್ನೇ ದಪ್ಪಗೆ ಬರೆದು ಅವನ ಎಂಜಲು ತಟ್ಟೆಯ ಪಕ್ಕ ಇಟ್ಟು, ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಬಂದೆ. ಇನ್ನೂ ಅವನಿಗೆ ಅಡುಗೆಯವರು ಸಿಕ್ಕಿಲ್ಲವಂತೆ. ಹುಡುಕಲಿ, ಫೋನಿನಲ್ಲೇ.