ಎಡಗಡೆ ಚೀಟಿ

ನೋಡ್ರಪ್ಪಾ, ಕಾಲೇಜಿನಿಂದ ಬಂದ ಹುಡುಗಿಯ ಮೇಲೆ ಇವತ್ತು ರೇಗಿಬಿಟ್ಟೆ. ರಾಜಘಟ್ಟದ ನಮ್ಮ ಹೊಂಗೆ ಮರದಡಿ ಗ್ರಾಮಫೋನ್ ಇಟ್ಟುಕೊಂಡು ಕೂತಿದ್ದಳು. ವೀಣೆ ಕೇಳಿದರೆ ಮನಸ್ಸಿನ ಭಯ ಇಳಿಯುತ್ತದೆಯೇ ಎಂಬ ಪರೀಕ್ಷೆಯಂತೆ. ಚೀಟಿಯಲ್ಲಿ ಬಲ ಬಂದವರಿಗೆ ವೀಣೆ. ಎಡ ಬಂದವರು ಮರದಾಚೆ ಸುಮ್ಮನೆ ಕೂರಬೇಕು.

ನನ್ನ ತಂಗಿ ನಿಂಗಮ್ಮನಿಗೆ ಎಡ ಬಂತು. ಮಗಳಿಗೆ ಗಂಡು ನೋಡುತ್ತಿದ್ದಾಳೆ. ಗುಡಿಯಲ್ಲಿ ಹೂ ಕೇಳಿದಾಗ ಎಡಕ್ಕೆ ಬಿದ್ದರೆ ದೇವರು ಬೇಡವೆಂದ ಹಾಗೆ. ಅವಳ ಕಣ್ಣು ತುಂಬಿತು. ನನ್ನ ಬಲದ ಚೀಟಿಯನ್ನು ಅವಳ ಕೈಗಿಟ್ಟೆ.

"ಅಯ್ಯೋ, ಬದಲಾಯಿಸ್ಬೇಡಿ ತಾತ! ನೀವೇ ಆರಿಸ್ಕೊಂಡ್ರೆ ಪರೀಕ್ಷೆ ಕೆಟ್ಟೋಗುತ್ತೆ!" ಎಂದಳು ಹುಡುಗಿ.

"ಎಡ ಬಲ ಅಂತ ಹೆಸರಿಟ್ಟಾಗ್ಲೇ ಕೆಡಿಸ್ಬಿಟ್ಯಲ್ಲಮ್ಮಾ! ಭಯ ಅಳೆಯೋಕ್ ಬಂದು ಭಯ ಹಂಚ್ತಿದೀಯಲ್ಲ!"

ಹುಡುಗಿ ಎಲ್ಲರ ಚೀಟಿಗಳನ್ನೂ ವಾಪಸ್ ಇಸಿದುಕೊಂಡಳು. ಅವನ್ನೆಲ್ಲ ಹರಿದು, ವೀಣೆಗೆ ಮಲ್ಲಿಗೆ, ಮೌನಕ್ಕೆ ಸಂಪಿಗೆ ಎಂದು ಹೊಸದಾಗಿ ಬರೆದಳು. ನಮ್ಮಿಬ್ಬರಿಗೂ ಸಂಪಿಗೆಯೇ ಬಂತು. ನಿಂಗಮ್ಮ ನಗುನಗುತ್ತಾ ಮರದಾಚೆ ಹೋಗಿ ಕೂತಳು.

ಗಾಳಿ ತಣ್ಣಗಿತ್ತು. ಒರಗಿ ಕಣ್ಣು ಮುಚ್ಚಿದ ನಿಂಗಮ್ಮನ ಎಡಕ್ಕೂ ಬಲಕ್ಕೂ ಹೊಂಗೆ ಹೂ ಉದುರುತ್ತಲೇ ಇತ್ತು. ಮರದ ಆ ಕಡೆಯಿಂದ ವೀಣೆ ಮೆಲ್ಲಗೆ ತೇಲಿ ಬಂದು ನಮ್ಮ ಪಕ್ಕದಲ್ಲೇ ಕೂತಿತು. ಹುಡುಗಿ ಎಲ್ಲರಿಗೂ ಚೀಟಿ ಕೊಟ್ಟಿದ್ದಳು, ವೀಣೆಗೆ ಮಾತ್ರ ಕೊಟ್ಟಿರಲಿಲ್ಲ.