ಕೇಬಲ್ ನನ್ನ ಜೇಬಿನಲ್ಲಿತ್ತು

ಕೆಡಬಹುದಾದದ್ದನ್ನೆಲ್ಲ ನಾನು ಮೊದಲೇ ಯೋಚಿಸಿಟ್ಟಿದ್ದೆ. ಕರೆಂಟು ಹೋಗಬಹುದು. ಪ್ರಿಂಟರಿನ ಟೋನರ್ ಪುಡಿ ಮುಗಿದು ಅಕ್ಷರಗಳು ಬೂದಿ ಬಣ್ಣಕ್ಕೆ ತಿರುಗಬಹುದು. ಹಾಳೆ ಒಳಗೆ ಸಿಕ್ಕಿಕೊಂಡು ಮುದ್ದೆಯಾಗಬಹುದು. ತಾರೀಖು ಒಂದಾಗಿ ವಾರ ಇನ್ನೊಂದಾಗಬಹುದು. ಬಾಗಲಕೋಟೆಯ ಬಸ್ಸು ತಪ್ಪಬಹುದು. ಬಸ್ಸು ಸಿಕ್ಕರೂ ಕಂಡಕ್ಟರ್ ನಾನು ಕೊಟ್ಟ ಕವರನ್ನು ಸೀಟಿನ ಕೆಳಗೆ ಮರೆತುಬಿಡಬಹುದು. ಇದ್ಯಾವುದೂ ಆಗದಿದ್ದರೆ ನನಗೇ ಎದೆನೋವು ಬಂದು ಎಲ್ಲ ಕೆಲಸ ಅರ್ಧಕ್ಕೆ ನಿಲ್ಲಬಹುದು. ಚಿಂತೆ ಮಾಡಲು ಏನೂ ಸಿಗದ ದಿನ ನನ್ನ ಮುಖ ನೋಡಲಿಕ್ಕಾಗುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಆದರೆ ದೆವ್ವದ ಚಿಂತೆ ಮಾತ್ರ ನನಗೆ ಎಂದೂ ಇರಲಿಲ್ಲ. ಇಂಥ ಅನುಭವಗಳನ್ನು ಬರೆದವರನ್ನು ಓದಿ ನಕ್ಕವನೇ ನಾನು. ಅವರಿಗೆಲ್ಲ ಅಮಾವಾಸ್ಯೆಯ ರಾತ್ರಿಯೇ ಯಾಕೆ ಬೇಕು, ಹಗಲು ಹೊತ್ತಿನಲ್ಲಿ ಸತ್ತವರಿಗೆ ಬೇರೆ ಕೆಲಸವಿರುತ್ತದೆಯೇ ಎಂದು ಅಣಕಿಸಿದ್ದೂ ಉಂಟು. ನನಗಾದದ್ದು ಮಟಮಟ ಮಧ್ಯಾಹ್ನ, ಹುನಗುಂದದ ಕೋರ್ಟಿನ ಎದುರಿನಲ್ಲಿ, ವಕೀಲರು ಊಟ ಮುಗಿಸಿ ಎಲೆ-ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ.

ಕೋರ್ಟಿನ ಎದುರಿನ ಅಂಗಡಿಸಾಲಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಮೊದಲು ಅದು ನನ್ನದೂ ಗೆಳೆಯ ಮೆಹಬೂಬನದೂ ಆಗಿತ್ತು. ನಾನು ವಕೀಲರ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದೆ, ಅವನು ಲಗ್ನಪತ್ರಿಕೆ ಮಾಡುತ್ತಿದ್ದ. ಲಗ್ನಪತ್ರಿಕೆಯ ಕೆಲಸ ತುಸು ಬೇರೆ. ಬರಹವನ್ನು ತೆಳುವಾದ ಟ್ರೇಸಿಂಗ್ ಹಾಳೆಯ ಮೇಲೆ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಪ್ರಿಂಟ್ ತೆಗೆದು ಬಾಗಲಕೋಟೆಯ ಪ್ರೆಸ್ಸಿಗೆ ಕಳಿಸಬೇಕು. ಅವರು ಅದರಿಂದ ಪ್ಲೇಟ್ ಮಾಡಿ ಕಾರ್ಡು ಅಚ್ಚು ಹಾಕುತ್ತಾರೆ. ಹೊಸ ಪ್ರಿಂಟರುಗಳು ಈ ಹಾಳೆಯನ್ನು ಅಗಿದು ಉಗುಳುತ್ತವೆ. ನಮ್ಮ ಹಳೆಯ ಲೇಸರ್ ಪ್ರಿಂಟರು ಮಾತ್ರ ಮೆಹಬೂಬನ ಕೈಯಿಂದ ಮರ್ಯಾದೆಯಾಗಿ ತೆಗೆದುಕೊಳ್ಳುತ್ತಿತ್ತು. ಅವನು ಟ್ರೇಸಿಂಗ್ ಹಾಳೆಯ ಮೇಲಂಚನ್ನು ಒಂದು ಗಟ್ಟಿ ಬಿಳಿ ಹಾಳೆಗೆ ಟೇಪಿನಿಂದ ಅಂಟಿಸಿ ಒಳಗೆ ಬಿಡುತ್ತಿದ್ದ. ಆಮೇಲೆ ಬಿಡಿಸಲು ಸುಲಭವಾಗಲೆಂದು ಟೇಪಿನ ಒಂದು ತುದಿಯನ್ನು ಸಣ್ಣ ಕಿವಿಯ ಹಾಗೆ ಮಡಚಿಡುತ್ತಿದ್ದ. ನನಗೆ ಆ ತಾಳ್ಮೆಯಿಲ್ಲ. ನಾನು ಉಗುರಿನಿಂದ ಕೆರೆದು ಹಾಳೆಯನ್ನೇ ಹರಿಯುವವನು.

“ನಿನ್ನ ಕೆಲಸಾ ನೋಡಿದ್ರ ಇಲಿ ಸೈತ ನಾಚ್ಕೋತಾವ ಲೇ,” ಎನ್ನುತ್ತಿದ್ದ ಅವನು.

ಒಂದು ಬೇಸಿಗೆಯಲ್ಲಿ ಎದೆ ಹಿಡಿದುಕೊಂಡಿದೆ ಎಂದು ದವಾಖಾನೆಗೆ ಹೋದ ಮೆಹಬೂಬ ತಿರುಗಿ ಬರಲಿಲ್ಲ. ಮರುವರ್ಷ ಅವನ ಮಗಳು ಶಬಾನಾಳ ಮದುವೆ ಗೊತ್ತಾಯಿತು. ಅವನ ಹೆಂಡತಿ ಜುಬೇದಾ ಭಾಭಿ ಅಂಗಡಿಗೆ ಬಂದರು. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳಲಿಲ್ಲ.

“ಅಣ್ಣಾರ, ಅವ್ರು ಯಾವಾಗ್ಲೂ ಒಂದ ಮಾತ ಹೇಳ್ತಿದ್ರು. ಊರ ಮಂದಿ ಮಕ್ಕಳ ಕಾರ್ಡ ಎಲ್ಲಾ ನಾನ ಮಾಡೇನಿ, ನನ್ನ ಮಗಳ ಕಾರ್ಡ ಬ್ಯಾರೆಯವ್ರ ಮಿಷನ್ ಮ್ಯಾಲೆ ಬರಬಾರ್ದು ಅಂತ. ಅವ್ರಂತೂ ಇಲ್ಲ. ಮಿಷನ್ನರ ಐತೆಲ್ರಿ?”

“ಐತಿ ಭಾಭಿ. ಮಾಡಿ ಕೊಡ್ತೇನಿ,” ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ಚಿಂತೆ ಶುರುವಾಯಿತು.

ಯಾಕೆಂದರೆ ನಮ್ಮ ಹಳೆಯ ಕಂಪ್ಯೂಟರ್ ಅಷ್ಟರಲ್ಲಿ ಸುಟ್ಟುಹೋಗಿತ್ತು. ಹೊಸದನ್ನು ತಂದಿದ್ದೆ, ಅದರಲ್ಲಿ ಹೊಸ ವಿಂಡೋಸ್ ಇತ್ತು. ಕಾರ್ಡಿನ ಬರಹವನ್ನು ಅದರಲ್ಲೇ ಟೈಪ್ ಮಾಡಿಟ್ಟೆ. ಪ್ರಿಂಟರಿನ ಭಾಷೆಯನ್ನು ಕಂಪ್ಯೂಟರಿಗೆ ತಿಳಿಸಿಕೊಡಲು ಡ್ರೈವರ್ ಎಂಬುದೊಂದು ಬೇಕು. ನಮ್ಮ ಪ್ರಿಂಟರಿನ ಕಾಲದ ಡ್ರೈವರನ್ನು ಹೊಸ ವಿಂಡೋಸ್ ಒಳಗೇ ಬಿಟ್ಟುಕೊಳ್ಳಲಿಲ್ಲ. ಹಳೆಯ ಅಗಲ ಮೂತಿಯ ಕೇಬಲ್ಲಿಗೆ ಹೊಸ ಕನ್ವರ್ಟರ್ ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿ, ನಾಲ್ಕು ದಿನ ಕಳೆದೆ. ಕೊನೆಗೆ ಇಳಕಲ್ಲಿನ ಕಂಪ್ಯೂಟರ್ ರಿಪೇರಿಯ ಈರಣ್ಣನಿಗೆ ಫೋನ್ ಹಚ್ಚಿದೆ.

“ಆ ಪ್ರಿಂಟರ್ ನಿಮ್ಮ ಲಗ್ನದಾಗ ಬಂದದ್ದಿರಬೇಕ್ರಿ ಸರ್. ಹೊಸಾ ವಿಂಡೋಸ್‌ಗೆ ಅದರ ಪರಿಚಯ ಇಲ್ಲ.”

“ಪರಿಚಯ ಮಾಡಸಪಾ ಹಂಗಾರ.”

“ಹೆಣ್ಣ ತೋರ್ಸಿದಂಗ ಅಲ್ರಿ ಅದು. ಕೇಬಲ್ ಬದ್ಲಿ ಮಾಡಿ ನೋಡ್ರಿ. ಆಗ್ಲಿಲ್ಲಂದ್ರ ಕೈ ಬಿಡ್ರಿ.”

ಪ್ರೆಸ್ಸಿನವನು ಆ ದಿನ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: “ಇವತ್ತ ಸಂಜಿಕಿ ಟ್ರೇಸಿಂಗ್ ಬರ್ಲಿಲ್ಲಂದ್ರ ನಿಮ್ಮ ಪಾಳಿ ಲಗ್ನ ಆದ ಮ್ಯಾಲೆ ಬರ್ತೈತಿ ನೋಡ್ರಿ.”

ಅಷ್ಟರಲ್ಲಿ ಕರೆಂಟು ಹೋಯಿತು. ನಾನು ಕೇಬಲ್ಲನ್ನು ಎರಡೂ ಕಡೆಯಿಂದ ಕಿತ್ತು, ಸುತ್ತಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡೆ. ಶಟರ್ ಎಳೆದು ಕೀಲಿ ಹಾಕಿ, ನನ್ನ ಸ್ವಭಾವದಂತೆ ಮತ್ತೆ ಹಿಂದೆ ಬಂದು ಜಗ್ಗಿ ನೋಡಿದೆ. ಬಸ್ ಸ್ಟ್ಯಾಂಡಿನ ಬಳಿಯ ಕಂಪ್ಯೂಟರ್ ಸಾಮಾನಿನ ಅಂಗಡಿಯವನು ಕೇಬಲ್ಲನ್ನು ಹೊರಳಿಸಿ ನೋಡಿ, “ಇಂಥಾವು ಈಗ ಬರೂದ ಬಂದ್ ಆಗ್ಯಾವ್ರಿ,” ಎಂದು ತಿರುಗಿ ಕೊಟ್ಟ. ಮತ್ತೆ ಜೇಬಿಗೆ ಹಾಕಿಕೊಂಡೆ.

ಅಲ್ಲಿಂದ ನೆಟ್ಟಗೆ ಭಾಭಿಯ ಮನೆಗೆ ಹೋದೆ. ಅವರು ಬಾಗಿಲಲ್ಲಿ ಕುಳಿತು ಅಕ್ಕಿ ಹಸನು ಮಾಡುತ್ತಿದ್ದರು. ಆಗುವುದಿಲ್ಲ ಎಂಬುದನ್ನು ಹೇಳಲು ನಾನು ವಿಂಡೋಸಿನಿಂದ ಶುರು ಮಾಡಿ ಎಲ್ಲೆಲ್ಲೋ ಸುತ್ತಿದೆ. ಒಳಗೆ ಶಬಾನಾ ಪಾತ್ರೆ ತಿಕ್ಕುವ ಸದ್ದು ನಿಂತಿತು.

“ಬ್ಯಾರೆ ಕಡೆ ಮಾಡಸ್ರಿ ಅಣ್ಣಾರ,” ಎಂದರು ಭಾಭಿ, ಮೊರದಿಂದ ಕಣ್ಣೆತ್ತದೆ. “ಅವ್ರ ನಸೀಬದಾಗ ಇರ್ಲಿಲ್ಲ.”

ಬಯ್ದಿದ್ದರೆ ಒಳ್ಳೆಯದಿತ್ತು. ತಲೆ ತಗ್ಗಿಸಿಕೊಂಡು ಅಂಗಡಿಗೆ ಬಂದೆ. ಕರೆಂಟು ಬಂದಿತ್ತು. ಕೀಲಿ ನಾನು ಹಾಕಿದಂತೆಯೇ ಇತ್ತು. ಶಟರ್ ಎತ್ತಿದ ಕೂಡಲೆ ಬಿಸಿ ಟೋನರಿನ ವಾಸನೆ ಮೂಗಿಗೆ ಬಡಿಯಿತು. ಈ ಕಸುಬಿನವರಿಗೆ ಆ ವಾಸನೆ ಗೊತ್ತು, ಈಗತಾನೇ ಪ್ರಿಂಟ್ ಆದಾಗ ಮಾತ್ರ ಬರುತ್ತದೆ. ಪ್ರಿಂಟರಿನೊಳಗಿನ ಫ್ಯಾನು ತಿರುಗುತ್ತಿತ್ತು. ಮೇಲೆ ಒಂದು ಟ್ರೇಸಿಂಗ್ ಹಾಳೆ ಬಿದ್ದಿತ್ತು.

ಶಬಾನಾಳ ಲಗ್ನಪತ್ರಿಕೆ. ಕಪ್ಪು ಗಟ್ಟಿಯಾಗಿ, ಅಂಚು ನೇರವಾಗಿ, ಎಷ್ಟು ಬೇಕೋ ಅಷ್ಟು. ನಾನು ಕಂಪ್ಯೂಟರಿನಲ್ಲಿ ಉಲ್ಟಾ ಮಾಡುವುದನ್ನು ಮರೆತಿದ್ದೆ. ಹಾಳೆಯಲ್ಲಿ ಉಲ್ಟಾ ಆಗಿತ್ತು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಹಿಂದೆ ಗಟ್ಟಿ ಬಿಳಿ ಹಾಳೆ, ಮೇಲಂಚಿನಲ್ಲಿ ಟೇಪು, ಟೇಪಿನ ತುದಿಯಲ್ಲಿ ಸಣ್ಣ ಕಿವಿಯ ಮಡಿಕೆ. ನಾನು ಆ ದಿನ ಟೇಪನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ.

ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಕೇಬಲ್ ಅಲ್ಲೇ ಇತ್ತು.

ಮೆಹಬೂಬನ ಕುರ್ಚಿ ನನ್ನ ಬೆನ್ನ ಹಿಂದಿತ್ತು. ಅದರ ಕಡೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ, ಮುಚ್ಚಿಟ್ಟು ಪ್ರಯೋಜನವಿಲ್ಲ. ಹೊರಗೆ ರಸ್ತೆಯಲ್ಲಿ ಮಂದಿ ಓಡಾಡುತ್ತಿದ್ದರು, ಯಾರೋ ವಕೀಲರು ಯಾರನ್ನೋ ಕೂಗುತ್ತಿದ್ದರು. ಒಳಗೆ ಪ್ರಿಂಟರಿನ ಫ್ಯಾನು ಒಮ್ಮೆ ಉಸಿರೆಳೆದು ನಿಂತಿತು. ಉಲ್ಟಾ ಅಕ್ಷರವನ್ನು ಸಲೀಸಾಗಿ ಓದುವುದು ಅವನಿಗೆ ಬರುತ್ತಿತ್ತು, ನನಗಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ತಾರೀಖು, ವಾರ, ಊರು ಇಷ್ಟನ್ನೇ ನೋಡಿದೆ. ಕವರಿಗೆ ಹಾಕಿಕೊಂಡು ಬಸ್ಸಿಗೆ ಓಡಿದೆ.

ಮುಂದೆ ಈರಣ್ಣ ಒಮ್ಮೆ ಅಂಗಡಿಗೆ ಬಂದಾಗ ಎಲ್ಲವನ್ನೂ ಹೇಳಿದೆ. “ಪ್ರಿಂಟರಿನ ಮೆಮರಿಯೊಳಗ ಉಳದಿತ್ತು, ಕರೆಂಟ್ ಬಂದ ಮ್ಯಾಲೆ ಹೊಡದೈತಿ,” ಎಂದ ತಕ್ಷಣವೇ. ಒಂದು ಗುಟುಕು ಚಹಾ ಕುಡಿದು, “ಆದ್ರ ಕರೆಂಟ್ ಹೋದ್ರ ಮೆಮರಿ ಖಾಲಿ ಆಗ್ತೈತಿ,” ಎಂದ. ಆಮೇಲೆ, “ಟೇಪ್ ನೀವ ಹಚ್ಚಿ ಮರ್ತಿರಬೇಕು,” ಎಂದ. ಇರಬಹುದು. ನನ್ನ ಮರೆವಿನ ಮೇಲೆ ನನಗೆ ಪೂರ್ತಿ ವಿಶ್ವಾಸವಿದೆ. ಆದರೆ ಮಡಿಕೆ? ಈರಣ್ಣ ಲೋಟ ಕೆಳಗಿಟ್ಟು ಪ್ರಿಂಟರಿನಿಂದ ತುಸು ದೂರ ಸರಿದು ಕುಳಿತ. ಆ ಪ್ರಿಂಟರನ್ನು ಆ ಕಂಪ್ಯೂಟರ್ ಅದಕ್ಕೂ ಮೊದಲು ಗುರುತಿಸಿರಲಿಲ್ಲ, ಆಮೇಲೂ ಗುರುತಿಸಿಲ್ಲ. ನಾನು ಎಷ್ಟೋ ಸಲ ಕುಳಿತು ಯೋಚಿಸಿದ್ದೇನೆ. ಲೆಕ್ಕ ಹತ್ತುವುದಿಲ್ಲ.

ಕರೆಂಟು ಹೋದದ್ದೊಂದು ಬಿಟ್ಟರೆ ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಬಸ್ಸು ಸಿಕ್ಕಿತು, ಕಂಡಕ್ಟರ್ ಕವರು ಮುಟ್ಟಿಸಿದ, ಕಾರ್ಡುಗಳು ಚೆಂದವಾಗಿ ಬಂದವು. ಕಟ್ಟನ್ನು ನಾನೇ ಭಾಭಿಯ ಮನೆಗೆ ಒಯ್ದೆ. ಅವರು ಒಂದು ಕಾರ್ಡು ತೆಗೆದು ಓದುತ್ತ ಹೋಗಿ, ಕೊನೆಯಲ್ಲಿ ಆಹ್ವಾನಿಸುವವರ ಸಾಲಿನಲ್ಲಿ ಮೆಹಬೂಬನ ಹೆಸರಿನ ಬಳಿ ಬೆರಳಿಟ್ಟು ನಿಂತರು.

“ಅಣ್ಣಾರ, ಇದನ್ನ ಹಿಂಗ ನೀವ ಬರದೀರೇನು?”

ತೀರಿಕೊಂಡವರ ಹೆಸರಿನ ಹಿಂದೆ ಅವರಲ್ಲಿ ‘ಮರಹೂಂ’ ಎಂದು ಸೇರಿಸುತ್ತಾರೆ. ನಾನೇ ಅದನ್ನು ಟೈಪ್ ಮಾಡಿದ್ದೆ, ಮಾಡುವಾಗ ಬೆರಳು ತಡೆದದ್ದೂ ನೆನಪಿದೆ. ಕಂಪ್ಯೂಟರಿನಲ್ಲಿ ಆ ಪದ ಈಗಲೂ ಇದೆ.

“ತಪ್ಪಾಗೈತಿ ಭಾಭಿ. ಬದ್ಲಿ ಮಾಡಸ್ತೇನಿ,” ಎಂದೆ.

ಅವರು ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. “ಬ್ಯಾಡ್ರಿ. ಹಿಂಗ ಹಂಚೋಣು.”

ಇಳಕಲ್ಲಿಗೆ, ಬಾದಾಮಿಗೆ, ಶಿರೂರಿಗೆ ಹೋದ ಅಷ್ಟೂ ಕಾರ್ಡುಗಳಲ್ಲಿ ಎಲ್ಲವೂ ಸರಿಯಿತ್ತು. ಮೆಹಬೂಬನ ಹೆಸರಿನ ಹಿಂದೆ ಆ ಒಂದು ಪದದಷ್ಟು ಜಾಗ ಮಾತ್ರ ಬರಿದಾಗಿತ್ತು.