ಕಾಕಾ ದಾಟಿದ ಮಾಲೆಗಳು

ಇವತ್ತು ಸಂಜೆ ನಮ್ಮ ಆಫೀಸಿನಲ್ಲಿ ನನಗೊಂದು ಸತ್ಕಾರವಾಯಿತು. ಗಾಬರಿಯಾಗಬೇಡಿ, ನಾನೇನೂ ಸಾಧಿಸಿಲ್ಲ. ನಮ್ಮ ಬೆಳಗಾವಿಯಲ್ಲಿ ಸತ್ಕಾರಕ್ಕೆ ಸಾಧನೆ ಬೇಕೇ ಬೇಕೆಂದೇನಿಲ್ಲ. ಒಂದೇ ಕುರ್ಚಿಯಲ್ಲಿ ಬಹಳ ವರ್ಷ ಕೂತರೂ ಸಾಕು. ಶಾಲು ಕಪಾಟಿಗೆ, ತೆಂಗಿನಕಾಯಿ ಚಟ್ನಿಗೆ ಎಂದು ಅಲ್ಲೇ ಮನಸ್ಸಿನಲ್ಲಿ ಹಂಚಿಬಿಟ್ಟೆ. ಉಳಿದದ್ದು ಚೆಂಡು ಹೂವಿನ ಮಾಲೆ. ಅದನ್ನು ಸ್ಕೂಟರಿನ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಹೊರಟರೆ, ಅದರ ಘಾಟು ವಾಸನೆ ಮೂಗಿಗೆ ಬಡಿದು ಕಾಕಾನ ಸೈಕಲ್ ನೆನಪಾಯಿತು.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಖಾನಾಪುರದ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರರಾಗಿದ್ದು, ನಿವೃತ್ತರಾದ ಮೇಲೆ ಬೆಳಗಾವಿಯ ಟಿಳಕವಾಡಿಯಲ್ಲಿ ಮನೆ ಮಾಡಿದವರು. ಸೀಟಿ ಊದಿ ಇಡೀ ಮೈದಾನದ ಕಾಲುಗಳನ್ನು ಎಡ-ಬಲ ಎಂದು ಕುಣಿಸಿದ ಮನುಷ್ಯ. ಅಂಥವರಿಗೇ ಪಾರ್ಕಿನ್ಸನ್ ಬಂತು. ಕೈ ನಡುಗುವುದಿರಲಿ, ಕಾಲು ನೆಲಕ್ಕೆ ಅಂಟಿಬಿಡುತ್ತಿತ್ತು. ಹೊಸ್ತಿಲ ಮುಂದೆ ನಿಂತರೆ ನಿಂತೇಬಿಟ್ಟರು. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, ನೆಲದ ಮೇಲೆ ಅಡ್ಡಗೆರೆ ಹಾಕಿ ಎಂದರು. ದಾಟಲಿಕ್ಕೆ ಏನಾದರೂ ಕಣ್ಣಿಗೆ ಕಂಡರೆ ಕಾಲು ಏಳುತ್ತದಂತೆ. ನೆಲಕ್ಕೆ ಟೇಪು ಅಂಟಿಸಲು ಕಾಕು, ಅಂದರೆ ನಮ್ಮ ಚಿಕ್ಕಮ್ಮ, ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಹಾಸಿಗೆಯಿಂದ ಬಚ್ಚಲಿನವರೆಗೆ ರಂಗೋಲಿಯಲ್ಲೇ ಗೆರೆ ಎಳೆದರು. ಕಾಕಾ ಒಂದೊಂದೇ ಗೆರೆ ದಾಟುತ್ತ, "ಲೈನ್ ಸೊಟ್ಟ ಐತಿ" ಎಂದು ಹೆಂಡತಿಗೆ ಮಾರ್ಕು ಕಡಿಮೆ ಕೊಡುತ್ತಿದ್ದರು.

ಆದರೆ ವಿಚಿತ್ರ ಕೇಳಿ. ನಡೆಯಲಾರದ ಆ ಕಾಲುಗಳೇ ಸೈಕಲ್ಲಿನ ಪೆಡಲಿನ ಮೇಲೆ ಸರಾಗವಾಗಿ ತಿರುಗುತ್ತಿದ್ದವು. ಈ ರೋಗದ ಕೆಲವರಿಗೆ ಹಾಗಾಗುವುದುಂಟಂತೆ. ಇದು ಗೊತ್ತಾದದ್ದೇ ತಡ, ಕಾಕಾನ ಮಗಳು ವಿದ್ಯಾ ಒಂದು ಹಂಚಿಕೆ ಹಾಕಿದಳು: ಟಿಳಕವಾಡಿಯಿಂದ ಖಾನಾಪುರದವರೆಗೆ ಮನೆಯವರೆಲ್ಲ ಸೈಕಲ್ ಹೊಡೆಯುವುದು, ಬಂದ ದೇಣಿಗೆಯಲ್ಲಿ ಈ ರೋಗದವರಿಗೆ ಪುಕ್ಕಟೆ ವ್ಯಾಯಾಮದ ಕ್ಲಾಸು ನಡೆಸುವುದು. ಕಾಕಾ ಒಂದು ಕರಾರಿನ ಮೇಲೆ ಒಪ್ಪಿದರು.

"ಖಾನಾಪುರದಾಗ ಸೈಕಲ್ ಹಿಡೀರಿ, ನನ್ನ ಹಿಡೀಬ್ಯಾಡ್ರಿ. ಆ ಊರ ಹುಡುಗೋರಿಗೆ ಮಾರ್ಚ್‌ಪಾಸ್ಟ್ ಕಲಿಸಿದಾಂವ ನಾ. ಅವರ ಮುಂದ ಅಕ್ಕಿ ಚೀಲ ಇಳಸಿದಂಗ ನನ್ನ ಎತ್ತಿ ಇಳಸಿದ್ರ, ಮತ್ತ ಮನಿ ಬಿಟ್ಟು ಹೊರಗ ಬರಾಂವಲ್ಲ."

ಅಲ್ಲಿಯವರೆಗೆ ತಮಾಷೆ ಮಾಡುತ್ತಿದ್ದ ನಾವು ಆಗಲಿ ಎಂದು ಮಾತು ಕೊಟ್ಟೆವು.

ಕಾಕಾ, ವಿದ್ಯಾ, ನಾನು, ಮೂರು ಸೈಕಲ್. ಹಿಂದೆ ಟೆಂಪೋದಲ್ಲಿ ಕಾಕು. ಅವರ ಜೊತೆ ರೊಟ್ಟಿ, ಮೊಸರು, ಮೂರು ಬಗೆಯ ಚಟ್ನಿ, ಹೆಚ್ಚುಕಡಿಮೆ ಇಡೀ ಅಡುಗೆಮನೆ. ಊರಂಚಿನ ಪೀರನವಾಡಿ ಮುಟ್ಟುವಷ್ಟರಲ್ಲೇ ನನಗೆ ಏದುಸಿರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ರಸ್ತೆಯನ್ನು ಬೈಯುತ್ತ ತುಳಿದೆ. ಕಾಕಾ ಮಾತ್ರ ಬೀಗರ ಮನೆಗೆ ಹೊರಟವರ ಹಾಗೆ ಎದೆ ಸೆಟೆಸಿ ಮುಂದೆ ಮುಂದೆ.

ಅಲ್ಲಿಂದ ಶುರುವಾಯಿತು ಸತ್ಕಾರದ ಕಾಟ. ಸುದ್ದಿ ತಿಳಿದ ಹಳೆಯ ವಿದ್ಯಾರ್ಥಿಗಳು ದಾರಿಯುದ್ದಕ್ಕೂ ಮಾಲೆ ಹಿಡಿದು ನಿಂತಿದ್ದರು. ನಡುದಾರಿಯಲ್ಲಿ ಇಳಿದರೆ ಕಾಲು ಅಂಟಿಕೊಂಡೀತೆಂಬ ಭಯ ಕಾಕಾನಿಗೆ. ಶಿಷ್ಯರು ಮರಾಠಿಯಲ್ಲಿ "ಥಾಂಬಾ ಸರ್, ಥಾಂಬಾ!" ಎಂದು ನಿಲ್ಲಿಸಲು ನೋಡಿದರೆ, ಕಾಕಾ ಸೀಟಿ ಊದಿ ಕನ್ನಡದಲ್ಲಿ ಗದರಿಸುತ್ತಿದ್ದರು:

"ಏ, ನಿಂದ್ರಸಬ್ಯಾಡ್ರೋ! ಮಾಲಿ ಹಾಕೂದಿದ್ರ ಓಡಕೋತ ಹಾಕ್ರಿ!"

ಹೊಟ್ಟೆ ಬಂದ ಶಿಷ್ಯರು ಸೈಕಲ್ಲಿನ ಬೆನ್ನು ಹತ್ತಿ ಓಡಿದರು. ನಿವೃತ್ತಿಯಾದ ಮೇಲೂ ಕಾಕಾ ಅವರನ್ನು ಓಡಿಸದೆ ಬಿಡಲಿಲ್ಲ. ಗುರಿ ತಪ್ಪಿದ ಮಾಲೆಗಳೆಲ್ಲ ಹಿಂದೆ ಬರುತ್ತಿದ್ದ ನನ್ನ ಕೊರಳಿಗೆ. ಖಾನಾಪುರ ಬರುವ ಹೊತ್ತಿಗೆ ನಾನು ಚುನಾವಣೆ ಗೆದ್ದವನ ಹಾಗೆ ಮೂಗಿನವರೆಗೆ ಹೂವಾಗಿದ್ದೆ.

ಕಾಕಾ ಕಲಿಸಿದ ಶಾಲೆಯ ಮೈದಾನದಲ್ಲಿ, ಗೇಟಿನಿಂದ ವೇದಿಕೆಯವರೆಗೆ ಕೆಂಪು ಜಮಖಾನೆ ಹಾಸಿ ಜನ ಕಾಯುತ್ತಿದ್ದರು. ವಿದ್ಯಾ, ನಾನು ಸೈಕಲ್ ಹಿಡಿದೆವು. ಕಾಕಾ ತಾವಾಗಿಯೇ ಇಳಿದರು. ಎರಡೂ ಪಾದ ಜಮಖಾನೆಯ ಮೇಲೆ ಬಂದವು. ಅಷ್ಟೇ, ಅಂಟಿಕೊಂಡವು. ಚಪ್ಪಾಳೆ ಹೊಡೆದು ಹೊಡೆದು ಜನ ನಿಲ್ಲಿಸಿದರು. "ಎತ್ತೂಣೇನ್ರಿ ಸರ್?" ಎಂದು ಇಬ್ಬರು ಮುಂದೆ ಬಂದರು. ಕಾಕಾ ತುಟಿ ಕಚ್ಚಿ ನೆಲ ನೋಡುತ್ತಿದ್ದರು. ನನಗೆ ಅಳುವೇ ಬಂತು.

"ಅವ್ವಾ, ರಂಗೋಲಿ ಡಬ್ಬಿ!" ಎಂದಳು ವಿದ್ಯಾ. ಕಾಕು ಹಣೆ ಬಡಿದುಕೊಂಡರು. ಮೂರು ಬಗೆಯ ಚಟ್ನಿ ತಂದವರು ಅದೊಂದನ್ನು ಮನೆಯಲ್ಲೇ ಬಿಟ್ಟಿದ್ದರು. ಆಮೇಲೆ ಅವರ ಕಣ್ಣು ನನ್ನ ಕೊರಳ ಮೇಲೆ ಬಿತ್ತು.

"ತಗಿ ಅವನ್ನ," ಎಂದರು.

ಒಂದೊಂದೇ ಮಾಲೆಯನ್ನು ಜಮಖಾನೆಯ ಮೇಲೆ ಅಡ್ಡಡ್ಡ ಹಾಸಿದರು. ಹೂವು ತುಳಿಯುವ ಮನುಷ್ಯರಲ್ಲ ನಮ್ಮ ಕಾಕಾ. ಮುಂದೆ ಮಾಲೆ ಕಂಡದ್ದೇ ಎಡಗಾಲು ಎದ್ದಿತು, ದಾಟಿತು.

"ಬಲ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. "ಎಡ!" ಎಂದಿತು ಇಡೀ ಮೈದಾನ. ದಾಟಿದ ಮಾಲೆಯನ್ನು ವಿದ್ಯಾ ಹಿಂದಿನಿಂದ ಎತ್ತಿ, ಮುಂದೆ ಓಡಿ ಮತ್ತೆ ಹಾಸುತ್ತಿದ್ದಳು. ಕಾಕಾ ಮಾರ್ಚ್ ಮಾಡುತ್ತ ವೇದಿಕೆ ಮುಟ್ಟಿ, ಕುರ್ಚಿಯಲ್ಲಿ ಕೂತು ಹೇಳಿದ ಮೊದಲ ಮಾತು: "ಮೂರನೇ ಮಾಲಿ ಸೊಟ್ಟ ಇತ್ತು."

ವ್ಯಾಯಾಮದ ಕ್ಲಾಸು ಈಗಲೂ ರವಿವಾರ ನಡೆಯುತ್ತದೆ. ಕಾಕಾ ಮಾತ್ರ ಈಗ ಸೈಕಲ್ ಹತ್ತುವುದಿಲ್ಲ, ನೆನೆದರೆ ಸಂಕಟವಾಗುತ್ತದೆ. ಇವತ್ತು ಸ್ಕೂಟರನ್ನು ನಮ್ಮ ಮನೆಯ ಬದಲು ಅವರ ಮನೆಯ ಕಡೆ ತಿರುಗಿಸಿದೆ. ಹೋಗಿ ನೋಡಿದರೆ, ಖಾಲಿ ಚಹಾ ಕಪ್ಪು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೇಬಿಟ್ಟಿದ್ದರು. ಬೆಳಗಿನ ರಂಗೋಲಿ ಓಡಾಟದಲ್ಲಿ ಅಳಿಸಿಹೋಗಿತ್ತು. ಹ್ಯಾಂಡಲ್ಲಿನ ಮಾಲೆಯನ್ನು ತಂದು ಅವರ ಪಾದದ ಮುಂದೆ ಅಡ್ಡ ಹಾಸಿದೆ.

"ಯಾರ ಸತ್ಕಾರದ್ದು?"

"ನಂದರೀ, ಕಾಕಾ."

"ಅಂಥಾದ್ದೇನ ಮಾಡಿದಿಪಾ ನೀ?"

"ಇನ್ನೂ ಏನೂ ಮಾಡಿಲ್ರಿ. ನೀವು ದಾಟ್ರಿ, ಮಾಡಿದಂಗ ಆಗತೈತಿ."

ಕಾಕಾ ಬಗ್ಗಿ ಮಾಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಸೊಟ್ಟ ಇರಲಿಲ್ಲ. ಎಡಗಾಲು ಎದ್ದಿತು.